ಬೀದಿಯೊಳಗಿನ ಅತಿಥಿಗೃಹ

ಪ್ರಶ್ನೆ: ಈಚೆಗೆ ಪುದುಚೇರಿಯಲ್ಲಿ, ಕಡಲ ದಂಡೆಯಿಂದ ಕೆಲವು ಬೀದಿ ಒಳಗಿರುವ ಅತಿಥಿಗೃಹವೊಂದರಲ್ಲಿ ತಂಗಿದ್ದೆವು. ಸುತ್ತಲೂ ಸಂಸಾರಸ್ಥರ ಮನೆಗಳಿದ್ದರೂ ಯಾರಿಗೂ ಕಿರಿಕಿರಿಯಾದಂತೆ ಕಾಣಲಿಲ್ಲ. ನಮ್ಮ ಬಡಾವಣೆಯಲ್ಲಿ ಮೂರು ಹೋಮ್‌ಸ್ಟೇಗಳಾಗಿ ನಿತ್ಯ ಜಗಳವಾಗುತ್ತಿದೆ. ವ್ಯತ್ಯಾಸವೆಲ್ಲಿದೆ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ವಾರಾಂತ್ಯದ ನೂಕುನುಗ್ಗಲು ಪುದುಚೇರಿಗೂ ತಪ್ಪಿದ್ದಲ್ಲ, ಆದರೆ ಅಲ್ಲಿ ಅತಿಥಿಗೃಹವೆಂಬುದಕ್ಕೆ ಹಳೆಯ ಶಿಸ್ತೊಂದಿದೆ. ಅರವಿಂದಾಶ್ರಮದ ಅತಿಥಿಗೃಹಗಳಲ್ಲಿ ಮದ್ಯಪಾನ, ಧೂಮಪಾನಗಳಿಗೆ ಅವಕಾಶವಿಲ್ಲ, ರಾತ್ರಿ ಗೇಟು ಮುಚ್ಚುವ ಹೊತ್ತೂ ನಿಗದಿಯಾಗಿರುತ್ತದೆ. ಅಲ್ಲಿನ ತಮಿಳು ಬೀದಿಗಳ ಹಳೆಯ ಮನೆಗಳ ಮುಂದೆ, ದಾರಿಹೋಕರೂ ಕುಳಿತು ದಣಿವಾರಿಸಿಕೊಳ್ಳಲೆಂದು ಕಟ್ಟಿದ ತಿಣ್ಣೆಗಳನ್ನು ತಾವು ಗಮನಿಸಿರಬಹುದು. ನಮ್ಮ ಕೊಡಗಿನ ಐನ್‌ಮನೆಗಳ, ಎಂದರೆ ಮನೆತನದ ಮೂಲಮನೆಗಳ, ಕಯ್ಯಾಲೆಯೆಂಬ ಮುಂಜಗಲಿಯೂ ಅಂಥದೇ: ಬಂದವರು ಮೊದಲು ಐಮರವೆಂಬ ಮರದ ಹಲಗೆಯ ಮೇಲೆ ಕುಳಿತು, ಯಾವ ಒಕ್ಕ (ಮನೆತನ), ಎಲ್ಲಿಂದ ಬಂದಿರಿ ಎಂಬ ಹಿರಿಯರ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆಯೇ ಒಳಗಿನ ಮಾತು.

ಮನೆಯವರ ಕಣ್ಣಳತೆಯಲ್ಲಿ ಅತಿಥಿ ಇರಬೇಕೆಂಬುದೇ ಹೋಮ್‌ಸ್ಟೇಯ ಮೂಲ ಕಲ್ಪನೆ. ಕೇಂದ್ರ ಸರ್ಕಾರದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯು ಹೆಚ್ಚೆಂದರೆ 6 ಕೊಠಡಿ, 12 ಹಾಸಿಗೆಗಳೆಂದು ಮಿತಿ ಹಾಕಿ, ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಿರಬೇಕೆಂದು ಹೇಳುವುದು ಇದಕ್ಕಾಗಿಯೇ. ನಮ್ಮಲ್ಲಿ ಆಗುತ್ತಿರುವುದೇನೆಂದರೆ, ಮಾಲೀಕರು ಬೆಂಗಳೂರಿನಲ್ಲಿದ್ದು ಮನೆಯನ್ನು ಲೀಸಿಗೆ ಕೊಟ್ಟಿರುತ್ತಾರೆ. ನಡುರಾತ್ರಿ ಸ್ಪೀಕರ್ ಅಬ್ಬರಿಸಿದರೆ ನೆರೆಯವರು ಬಾಗಿಲು ತಟ್ಟುವುದು ಸಂಬಳದ ಹುಡುಗನೊಬ್ಬನ ಮುಂದೆ, ಅವನಿಗೋ ಅತಿಥಿಗಳನ್ನು ಗದರಿಸುವ ಅಧಿಕಾರವಿಲ್ಲ. ಅಂಥದನ್ನು ಹೋಮ್‌ಸ್ಟೇ ಎನ್ನುವುದಕ್ಕಿಂತ ಬೋರ್ಡಿಲ್ಲದ ಲಾಡ್ಜ್ ಎನ್ನುವುದೇ ಸರಿ.

ಇನ್ನೊಂದು ಮಾತು. ಕೊಡಗಿನ ಹೋಮ್‌ಸ್ಟೇ ಹೆಸರು ಮಾಡಿದ್ದು ಕಾಫಿ ತೋಟದ ಮನೆಗಳಲ್ಲಿ. ಅಲ್ಲಿ ಗದ್ದಲವನ್ನು ತೋಟವೇ ನುಂಗಿಕೊಳ್ಳುತ್ತದೆ, ಕಾರು ನಿಲ್ಲಿಸಲು ಕಣವಿದೆ, ನೀರಿಗೆ ಕೆರೆಯಿದೆ. ಅದನ್ನೇ ಒಂದು ಕಾರು ಹತ್ತಿದರೆ ಇನ್ನೊಂದು ಇಳಿಯಲಾಗದ ಮಡಿಕೇರಿಯ ಏರು ಬೀದಿಗೆ ತಂದರೆ, ಬೇಸಿಗೆಯಲ್ಲಿ ನಲ್ಲಿ ನೀರಿಗೆ ಕಾದು ಕುಳಿತ ಪಕ್ಕದ ಮನೆಯವರಿಗೆ ಸಿಟ್ಟು ಬರುವುದು ಸಹಜವೇ.

ದೂರು ಕೊಡುವ ಮುಂಚೆ ಆ ಮೂರೂ ಮನೆಗಳಲ್ಲಿ ನಿಜವಾಗಿ ಯಾರು ವಾಸವಿದ್ದಾರೆಂದು ತಿಳಿದುಕೊಳ್ಳಿ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ, ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಅವರ ವಿವರವನ್ನು ಅಧಿಕಾರಿಗಳಿಗೆ ಸಲ್ಲಿಸುತ್ತಾರೆಯೇ ಎಂದೂ ವಿಚಾರಿಸಿ. ಮನೆಯವರೇ ಇರುವಲ್ಲಿ ಒಂದು ಸಂಜೆ ಕಾಫಿಗೆ ಕುಳಿತು ಗೇಟು ಮುಚ್ಚುವ ಸಮಯವನ್ನೂ ಕಾರು ನಿಲ್ಲಿಸುವ ಜಾಗವನ್ನೂ ಮಾತಾಡಿ ಮುಗಿಸಬಹುದು. ಹತ್ತು ದೇವಸ್ಥಾನಗಳ ಮಂಟಪಗಳು ಮೆರವಣಿಗೆ ಹೊರಡುವ ದಸರಾ ರಾತ್ರಿ ಊರೆಲ್ಲ ತುಂಬುವುದಕ್ಕೆ ಮೊದಲೇ ಮುಗಿಸಿದರೆ ಒಳ್ಳೆಯದು. ಲೀಸಿನ ಮನೆಯಾದರೆ ಮಾಲೀಕರಿಗೂ ನಗರಸಭೆಗೂ ಲಿಖಿತವಾಗಿಯೇ ಬರೆಯಿರಿ.