ತೂಗುಸೇತುವೆ ಅಷ್ಟೊಂದು ಅಲ್ಲಾಡುವುದೇಕೆ?

ಪ್ರಶ್ನೆ: ಕುಶಾಲನಗರದ ನಿಸರ್ಗಧಾಮದ ತೂಗುಸೇತುವೆ ಮೇಲೆ ನಡೆದಾಗ ಎದೆ ಡವಡವ ಅಂದಿತು. ಈಗ ಉಕ್ಕಿನ ಹಗ್ಗಗಳಿವೆ, ಸರಿ. ಇನ್ನೂರು ವರ್ಷದ ಹಿಂದೆ ಬರೀ ಕಬ್ಬಿಣದಲ್ಲಿ ಹೇಗೆ ಕಟ್ಟುತ್ತಿದ್ದರು?
– ಓದುಗರು, ಹರಿಹರ

ಉತ್ತರ: ನಿಮ್ಮೂರ ತುಂಗಭದ್ರಾ ಸೇತುವೆಯಲ್ಲಿ ಭಾರವೆಲ್ಲ ಕಂಬಗಳ ಮೇಲೆ ಕೂರುತ್ತದೆ. ತೂಗುಸೇತುವೆಯಲ್ಲಿ ಅದು ಸರಪಳಿಯನ್ನು ಎಳೆಯುತ್ತದೆ. ಎರಕದ ಕಬ್ಬಿಣ ಅದುಮಿದರೆ ತಡೆದುಕೊಳ್ಳುತ್ತದೆ, ಎಳೆದರೆ ಪಟ್ ಅಂತ ಮುರಿಯುತ್ತದೆ. ಹಾಗಾಗಿ ಕಾಯಿಸಿ ಬಡಿದು ಹದ ಮಾಡಿದ ಮೆದು ಕಬ್ಬಿಣವೇ ಬೇಕಿತ್ತು. ಬ್ರಿಟಿಷ್ ನೌಕಾಪಡೆಯಲ್ಲಿದ್ದ ಸ್ಯಾಮ್ಯುಯೆಲ್ ಬ್ರೌನ್ ಹಡಗಿನ ಸರಪಳಿ ಮಾಡಿಸುತ್ತಿದ್ದವರು. ಸೇತುವೆಗೆ ಸಣ್ಣ ಕೊಂಡಿಗಳ ಬದಲು ಉದ್ದನೆಯ ಸಲಾಕೆ ಬಳಸಿದರು: ತುದಿಗಳಲ್ಲಿ ಕಣ್ಣು, ಕಣ್ಣಿಗೆ ಪಿನ್ನು. ಜೋಡಣೆ ಕಡಿಮೆಯಾಯಿತು, ಕೈಕೊಡುವ ಜಾಗವೂ ಕಡಿಮೆ. 1820ರಲ್ಲಿ ಟ್ವೀಡ್ ನದಿಗೆ ಅವರು ಕಟ್ಟಿದ 137 ಮೀಟರ್ ಹರವಿನ ಯೂನಿಯನ್ ಸೇತುವೆ, ಆಗಾಗ ರಿಪೇರಿ ಕಂಡು, ಇವತ್ತಿಗೂ ನಿಂತಿದೆ.

ಸರಪಳಿ ಎಷ್ಟು ಜೋತುಬೀಳಬೇಕು ಅನ್ನುವುದೇ ದೊಡ್ಡ ಲೆಕ್ಕ. ಬಟ್ಟೆ ಒಣಗಿಸುವ ತಂತಿಯನ್ನು ಬಿಗಿ ಮಾಡಿದಷ್ಟೂ ಗೂಟ ಕಿತ್ತುಬರುತ್ತದೆ, ಅಲ್ವಾ? ಇಲ್ಲೂ ಅದೇ. ಹರವಿನ ಹತ್ತನೇ ಒಂದು ಪಾಲು ಜೋತುಬಿಟ್ಟರೆ ಅಡ್ಡ ಎಳೆತ ಒಟ್ಟು ಭಾರದ 1.25 ಪಟ್ಟು. ಇಪ್ಪತ್ತನೇ ಒಂದು ಪಾಲಿಗೆ ಇಳಿಸಿದರೆ 2.5 ಪಟ್ಟು! ಅದಕ್ಕೇ ದಡದಲ್ಲಿ ಬಂಡೆ ಕೊರೆದು ಸರಪಳಿಯ ತುದಿ ಹೂಳುತ್ತಿದ್ದರು.

ಇನ್ನು ಅಲ್ಲಾಟ. ನನ್ನ ಪ್ರಕಾರ ಆಗಿನವರನ್ನು ಜಾಸ್ತಿ ಕಾಡಿದ್ದು ಸರಪಳಿಯ ಬಲವಲ್ಲ, ಕಾಲಡಿಯ ಹಲಗೆಯ ಹಗುರತನ. ಬರೀ ನಡೆಯುವವರಿಗೆ ತಾನೇ ಅಂತ ಸಪೂರ ಮಾಡುತ್ತಿದ್ದರು; ಗಾಳಿ ಬೀಸಿದರೆ ಅದನ್ನು ಬಿಗಿಯಾಗಿ ಹಿಡಿಯುವ ತೊಲೆಯೇ ಇರುತ್ತಿರಲಿಲ್ಲ. ಸ್ಕಾಟ್ಲೆಂಡಿನ ಡ್ರೈಬರ್ಗ್‌ನಲ್ಲಿ 1817ರಲ್ಲಿ ಕಟ್ಟಿದ ಕಾಲುಸೇತುವೆ ಮರುವರ್ಷ ಜನವರಿಯಲ್ಲೇ ಬಿರುಗಾಳಿಗೆ ಬಿತ್ತು. ಮತ್ತೆ ಕಟ್ಟಿದರು, 1838ರಲ್ಲಿ ಅದೂ ಹೋಯಿತು.

ನಮ್ಮ ದೇಶವೂ ಹಿಂದೆ ಬಿದ್ದಿರಲಿಲ್ಲ. 1830ರಲ್ಲಿ ಮಧ್ಯಪ್ರದೇಶದ ಸಾಗರದ ಬಳಿ (ಮಲೆನಾಡಿನ ಸಾಗರ ಅಲ್ಲ ಮತ್ತೆ!) ಮೇಜರ್ ಪ್ರೆಸ್‌ಗ್ರೇವ್ ಅಲ್ಲಿನ ಸ್ಥಳೀಯ ಕಬ್ಬಿಣದಲ್ಲೇ ಸುಮಾರು 200 ಅಡಿ ಹರವಿನ ತೂಗುಸೇತುವೆ ಮುಗಿಸಿದ್ದರು.

ಪ್ರಶ್ನೆ: ಸೈನಿಕರು ಸೇತುವೆ ಮೇಲೆ ಹೆಜ್ಜೆ ಕೂಡಿಸಿ ನಡೆಯಬಾರದಂತೆ. ಸುಮ್ನೆ ಕಥೆಯಾ?
– ಓದುಗರು, ಹಿರಿಯೂರು

ಉತ್ತರ: ನಿಜವೇ. 1831ರಲ್ಲಿ ಮ್ಯಾಂಚೆಸ್ಟರ್ ಹತ್ತಿರದ ಬ್ರಾಟನ್ ತೂಗುಸೇತುವೆ ಮೇಲೆ 74 ಸೈನಿಕರು ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕಿದರು. ಸೇತುವೆ ಕುಣಿಯಿತು, ಒಂದು ಬೋಲ್ಟು ಮುರಿಯಿತು, ಹಲವರು ನೀರಿಗೆ ಬಿದ್ದರು. ಯಾರೂ ಸಾಯಲಿಲ್ಲ. ಆ ಬೋಲ್ಟು ಮೊದಲೇ ಸರಿಯಿರಲಿಲ್ಲ ಅನ್ನುವುದು ತನಿಖೆಯಲ್ಲಿ ಗೊತ್ತಾಯಿತು. ಸೈನ್ಯ ಮಾತ್ರ ಸೇತುವೆ ಬಂದಾಗ ಹೆಜ್ಜೆ ಮುರಿಯಿರಿ ಅಂತ ಆದೇಶ ಹೊರಡಿಸಿತು.