ಸಿಲ್ವರ್ ಓಕ್ ಕಡಿದ ಜಾಗಕ್ಕೆ ಯಾವ ಮರ?

ವಿರಾಜಪೇಟೆ ಕಡೆಯ ನಿಮ್ಮ ಎರಡು ಎಕರೆ ಕಾಫಿ ತೋಟದಲ್ಲಿ ನೆರಳಿಗಿದ್ದ ಸಿಲ್ವರ್ ಓಕ್ ಕಡಿದ ಜಾಗಕ್ಕೆ ಕಾಡುಮರ ನೆಡಬಹುದೇ, ಮೆಣಸು ಹಬ್ಬುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ನೆಡಿ. ಹಲಸಿಗೆ ಮೆಣಸು ಚೆನ್ನಾಗಿ ಹಬ್ಬುತ್ತದೆ. ಹಲಸಿನ ಬೀಜ ಒಣಗಿದರೆ ಮೊಳೆಯದು, ಹಣ್ಣು ಬಿಡಿಸಿದ ಕೆಲವೇ ದಿನಗಳಲ್ಲಿ ಹಾಕಿ. ನಡುನಡುವೆ ಹೊನ್ನೆ, ನೇರಳೆ ಇರಲಿ. ಅಂಚಿನಲ್ಲಿ ಒಂದಾದರೂ ಅತ್ತಿ ಇರಲೇಬೇಕು.

ಅತ್ತಿಯ ವಿಷಯದಲ್ಲಿ ನಾನು ಹಟ ಹಿಡಿಯುವುದು ಅದರ ಹಣ್ಣು ತಿನ್ನುವ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಾಗಿ. ಹೆಣ್ಣು ಮಂಗಟ್ಟೆ ಹಳೆಯ ಮರದ ಪೊಟರೆ ಹೊಕ್ಕು, ಸಣ್ಣ ಸೀಳೊಂದನ್ನು ಬಿಟ್ಟು ಬಾಗಿಲು ಮುಚ್ಚಿಕೊಳ್ಳುತ್ತದೆ. ಆ ಸೀಳಿನಿಂದಲೇ ಗಂಡು ಹಣ್ಣು ಉಣಿಸುತ್ತದೆ. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್‌ನ ಒಣ ಕಾಯಿ ಅದಕ್ಕೆ ಊಟವಾಗುವುದಿಲ್ಲ. ನಮ್ಮ ತೋಟದ ಗೂಡುಮರದ ಬುಡದಲ್ಲಿ ಮಳೆ ಬಿದ್ದ ಮೇಲೆ ಬಗ್ಗಿ ನೋಡಿದರೆ, ಹಕ್ಕಿ ಉಗುಳಿದ ಬೀಜಗಳು ಒತ್ತೊತ್ತಾಗಿ ಮೊಳೆತಿರುತ್ತವೆ. ನಾನು ನೆಟ್ಟ ಸಸಿಗಳಲ್ಲಿ ಎಷ್ಟೋ ಅಲ್ಲಿಂದ ಎತ್ತಿದವು. ಆದ್ದರಿಂದ ಕಳೆ ತೆಗೆಯುವವರಿಗೆ ಮೊದಲೇ ಹೇಳಿ, ತಾನಾಗಿ ಹುಟ್ಟಿದ ಗಿಡಗಳಿಗೆ ಕೋಲು ನೆಟ್ಟು ಗುರುತು ಮಾಡಿ.

ಊರಿನ ದೇವರಕಾಡಿನಿಂದ ಸಸಿ ಕಿತ್ತು ತರುವ ಯೋಚನೆ ಮಾತ್ರ ಬಿಡಿ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳು ಉಳಿದಿರುವುದೇ ಅಲ್ಲಿಂದ ಏನನ್ನೂ ತರಬಾರದೆಂಬ ಕಟ್ಟುಪಾಡಿನಿಂದ. ಅದರ ಬೀಜವನ್ನು ಹಕ್ಕಿಗಳೇ ನಿಮ್ಮ ತೋಟಕ್ಕೆ ತರುತ್ತವೆ, ಕೂರಲು ಮರವಿದ್ದರೆ. ಉಳಿದ ಓಕ್‌ಗಳನ್ನು ಒಮ್ಮೆಲೇ ಕಡಿಯಬೇಡಿ, ಕಾಫಿ ಬಿಸಿಲಿಗೆ ಬಾಡುತ್ತದೆ. ಜೂನ್ ಮಳೆ ಹಿಡಿದೊಡನೆ ನೆಡಲು ಶುರುಮಾಡಿ.