ಕೋರಸ್ ಕೂರಿಸೋದೂ ಒಂದು ಕೆಲ್ಸಾನಾ?

ಪ್ರಶ್ನೆ: ಸರ್, ನಾನು ಚಿಕ್ಕಮಗಳೂರಲ್ಲಿ ಬಿಕಾಂ ಓದ್ತಿದೀನಿ, ಚರ್ಚ್ ಕಾಯರ್‌ನಲ್ಲಿ ಆಲ್ಟೋ (ಹೆಂಗಸರ ಕೆಳಗಿನ ದನಿ) ಹಾಡ್ತೀನಿ, ಚಿಕ್ಕೋರಿಗೆ ಪಾರ್ಟ್ಸ್, ಅಂದ್ರೆ ಒಂದೊಂದು ದನಿಯೋರು ಹಾಡೋ ಬೇರೆ ಬೇರೆ ಸಾಲು, ಹೇಳ್ಕೊಡೋದೂ ನಾನೇ. ಸಿನಿಮಾಗೆ ವೋಕಲ್ ಅರೇಂಜರ್ ಆಗೋ ಆಸೆ. ಮನೇಲಿ 'ಅದೆಂಥ ಕೆಲ್ಸ ಮಾರಾಯ್ತಿ' ಅಂತಾರೆ. ಇದ್ರಲ್ಲಿ ಯಾರಾದ್ರೂ ಮೇಲೆ ಬಂದಿದಾರಾ?

ಉತ್ತರ: ಬಂದಿದಾರಮ್ಮ, ಮನೇಲಿ ಮ್ಯೂಸಿಕ್ ಡೈರೆಕ್ಟರ್ ಸಲಿಲ್ ಚೌಧರಿ ಹೆಸ್ರು ಹೇಳಿ. ಅವ್ರಪ್ಪ ಅಸ್ಸಾಮಿನ ಟೀ ತೋಟದಲ್ಲಿ ಡಾಕ್ಟ್ರು, ಮನೇಲಿ ವೆಸ್ಟರ್ನ್ ಕ್ಲಾಸಿಕಲ್ ರೆಕಾರ್ಡು, ಹೊರಗೆ ತೋಟದ ಕೂಲಿಯವ್ರ ಹಾಡು, ಎರಡನ್ನೂ ಕೇಳ್ಕೊಂಡೇ ಬೆಳೆದ್ರು (ನಮ್ಮ ಮೂಡಿಗೆರೆ ಕಡೆ ತೋಟದ ಕೂಲಿಯವ್ರ ಲೈನ್ ಮನೆಗಳಲ್ಲೂ ಹಾಡಿಗೇನು ಬರ ಇಲ್ಲ, ಕೂತು ಕೇಳೋರು ಬೇಕಷ್ಟೆ). ಆಮೇಲೆ ಇಪ್ಟಾ ಅನ್ನೋ ಎಡಪಂಥೀಯ ಜನರ ನಾಟಕ ಸಂಘ ಸೇರಿ ಜನ ಗುಂಪಾಗಿ ಹಾಡೋ ಹಾಡು ಕಟ್ಟಿದ್ರು, 1953ರ ಹಿಂದಿ ಸಿನಿಮಾ ದೋ ಬಿಘಾ ಜಮೀನ್‌ಗೆ ಕತೇನೂ ಅವ್ರದೇ ಮ್ಯೂಸಿಕ್ಕೂ ಅವ್ರದೇ, ಬಾಂಬೆ ಯೂತ್ ಕಾಯರ್ ಅಂತ ತಂಡಾನೂ ಶುರು ಮಾಡಿದ್ರು. 1960ರ ಕಾನೂನ್‌ನಲ್ಲಿ ಒಂದು ಹಾಡೂ ಇಲ್ಲ, ಬರೀ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ಕು, ಅದೂ ಇವ್ರದೇ. ಮಲಯಾಳದಲ್ಲಿ 1965ರ ಚೆಮ್ಮೀನ್, ನಮ್ಮಲ್ಲಿ 1977ರ ಕೋಕಿಲ.

ಕೆಲ್ಸ ಏನು ಅಂತ ಮನೆಯೋರಿಗೆ ಹಿಂಗೆ ತೋರ್ಸಿ. ಮೋಹನ ರಾಗದಲ್ಲಿ ಒಂದು ಸಾಲು ಹಾಡಿ, ಸ ರಿ ಗ ಪ ದ, ಇದಕ್ಕೆ ಮೇಲೊಂದು ದನಿ ಸೇರಿಸ್ಬೇಕು. ಸಗೆ ಗ ಇಟ್ರೆ ಚೆನ್ನಾಗಿ ಕೂರುತ್ತೆ, ಅದೇ ಲೆಕ್ಕದಲ್ಲಿ ರಿಗೆ ಮ ಇಡೋಕೆ ಹೋದ್ರೆ ಮೋಹನದಲ್ಲಿ ಮ ಇಲ್ವೇ ಇಲ್ಲ, ರಾಗ ಕೆಟ್ಟೋಯ್ತು. ಪ ಇಡಿ, ರಾಗ ಉಳಿಯುತ್ತೆ, ಆದ್ರೆ ಎರಡು ದನಿ ನಡುವಿನ ದೂರ ಬದಲಾಗಿ ಬಣ್ಣಾನೇ ಬೇರೆ ಆಗುತ್ತೆ. ಆ ಬಣ್ಣ ಈ ಸೀನಿಗೆ ಬೇಕಾ ಬೇಡ್ವಾ, ಬೇಡ ಅಂದ್ರೆ ಎರಡನೇ ದನೀನ ಸ ಮೇಲೇ ನಿಲ್ಸಿಬಿಡೋದಾ, 'ಆ' ಅನ್ನಿಸೋದಾ 'ಊ' ಅನ್ನಿಸೋದಾ, ಉಸಿರು ಎಲ್ಲಿ ತಗೋಬೇಕು, ಇದನ್ನೆಲ್ಲ ತೀರ್ಮಾನ ಮಾಡೋದೇ ಅರೇಂಜರ್ ಕೆಲ್ಸ. ಚರ್ಚಿನ ಪಾರ್ಟ್ಸ್ ಬಂದ ಮಾತ್ರಕ್ಕೆ ಇದು ಬರಲ್ಲ, ಸ್ವಲ್ಪ ಕರ್ನಾಟಕ ಸಂಗೀತಾನೂ ಕಲೀರಿ. ಕಂಪ್ಯೂಟರಲ್ಲಿ ಟ್ರ್ಯಾಕ್ ಹಾಕೋದು ಬರ್ಲೇಬೇಕು.

ದುಡ್ಡಿನ ವಿಷ್ಯ, ರೆಕಾರ್ಡಿಂಗಿಗೆ ಮೊದ್ಲೇ ಮಾತಾಡ್ಕೊಳಿ, ಟೈಟಲ್ ಕಾರ್ಡಲ್ಲಿ ಹೆಸ್ರು ಬರುತ್ತಾ ಅಂತ ಆಗ್ಲೇ ಕೇಳಿ, ನಾಚ್ಕೋಬೇಡಿ. ಬಿಕಾಂ ಮಾತ್ರ ಬಿಡ್ಬೇಡಿ, ಜಿಎಸ್‌ಟಿ ಬಿಲ್ ಹಾಕೋಕಾದ್ರೂ ಆಗುತ್ತೆ.

ಪ್ರಶ್ನೆ: ಸಿನಿಮಾ ಕೋರಸ್ ಕೇಳಿದ್ರೆ ನಲವತ್ತು ಜನ ಹಾಡ್ದಂಗಿರುತ್ತೆ, ಅಷ್ಟೂ ಜನ ಸ್ಟುಡಿಯೋಗೆ ಬರ್ತಾರಾ? (ಹಾಸನದ ಓದುಗರು)

ಉತ್ತರ: ಎಲ್ಲಾ ಸಲ ಇಲ್ಲ ಸ್ವಾಮಿ. ನಾಲ್ಕೈದು ಜನಾನೇ ಅದೇ ಸಾಲನ್ನ ಮತ್ತೆ ಮತ್ತೆ ಹಾಡ್ತಾರೆ, ಒಂದ್ಸಲ ಮೈಕ್ ಹತ್ರ ನಿಂತು, ಇನ್ನೊಂದ್ಸಲ ದೂರ ಹೋಗಿ, ಆಮೇಲೆ ಎಲ್ಲಾ ಒಂದ್ರ ಮೇಲೊಂದು ಕೂರಿಸ್ತಾರೆ. ಒಂದೇ ಟೇಕ್‌ನ ಕಾಪಿ ಹೊಡೆದು ಪೇಸ್ಟ್ ಮಾಡಿದ್ರೆ ಗುಂಪು ಆಗಲ್ಲ, ಅದೇ ದನಿ ಜೋರಾಗಿ ಕೇಳ್ಸುತ್ತೆ ಅಷ್ಟೆ. ಪ್ರತಿ ಸಲ ಹಾಡುವಾಗ ಆಗೋ ಚೂರುಪಾರು ಹಿಂದೆ ಮುಂದೆ ಇರುತ್ತಲ್ಲ, ಅದೇ ನಿಮ್ಮ ಕಿವೀಗೆ ನಲವತ್ತು ಜನ ಅನ್ಸೋದು.